ಗೋಕುಲ ರಸ್ತೆ ಕಟ್ಟಡಕ್ಕೆ ಇಸಿಬಿಸಿ: 200 ಎಂಎಂ ಎಎಸಿ ಸಾಕಾ? ಅದೇ ಗಾಜು ಹಾವೇರಿಗೂ ನಡೆಯುತ್ತಾ?

ನಕ್ಷೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ವಾಣಿಜ್ಯ ಕಟ್ಟಡದ ಡ್ರಾಯಿಂಗ್ ಕೊನೆಯ ಹಂತದಲ್ಲಿದೆ. ಅದನ್ನು ಇಸಿಬಿಸಿ, ಅಂದರೆ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆಗೆ (ಕೋಡ್) ಹೊಂದಿಸಬೇಕು. ನೆಲಮಹಡಿ ಪ್ಲಸ್ 4. ಪ್ಲ್ಯಾನ್ 24 ಮೀ × 35 ಮೀ, ಎತ್ತರ 17 ಮೀ, ಒಟ್ಟು 4,200 ಚ.ಮೀ. ನೆಲಮಹಡಿ ಶೋರೂಂ, ಮೇಲಿನ ನಾಲ್ಕೂ ಆಫೀಸು. ಕನೆಕ್ಟೆಡ್ ಲೋಡ್ 210 ಕಿಲೋವ್ಯಾಟ್. ಮುಖ ಪಶ್ಚಿಮಕ್ಕಿದೆ, ಮಾಲೀಕರಿಗೆ ಮುಂಭಾಗ ಪೂರ್ತಿ ಗಾಜೇ ಬೇಕು.

ಸ್ಪೆಕ್ ಬೆಂಗಳೂರಿನ ಹಳೇ ಪ್ರಾಜೆಕ್ಟ್ ಒಂದರಿಂದ ಬಂದದ್ದು: ಹೊರಗೋಡೆ 200 ಎಂಎಂ ಎಎಸಿ (ಗಾಳಿಗುಳ್ಳೆಯ ಹಗುರ ಕಾಂಕ್ರೀಟ್) ಬ್ಲಾಕ್, ತಾರಸಿಗೆ 50 ಎಂಎಂ ಪಿಯುಎಫ್ (ಪಾಲಿಯುರಿಥೇನ್ ಫೋಮ್) ಸ್ಪ್ರೇ, ಕಿಟಕಿಗೆ ಸಾದಾ ಡಬಲ್ ಗ್ಲಾಸ್, ಎಸಿಗೆ ವಿಆರ್‌ಎಫ್ (ಒಂದು ಹೊರ ಯೂನಿಟ್‌ಗೆ ಹಲವು ಒಳ ಯೂನಿಟ್). ಇದೇ ಮಾಲೀಕರದು ಹಾವೇರಿಯಲ್ಲೂ ಒಂದು ಕಟ್ಟಡ ಬರಲಿದೆ. 115 ಕಿಲೋವ್ಯಾಟ್, ಉತ್ತರಕ್ಕೆ ಮುಖ. ಅಂಗಡಿಗೊಂದರಂತೆ ಬೇರೆ ಬೇರೆ ಮೀಟರ್ ತೆಗೆದುಕೊಂಡರೆ ಕೋಡ್ ಬರುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದಾರೆ.

ಈ ಸ್ಪೆಕ್ ಹುಬ್ಬಳ್ಳಿಗೆ ಪಾಸಾಗುತ್ತಾ? ಹಾವೇರಿಗೆ ಅದನ್ನೇ ಕಾಪಿ ಮಾಡಬಹುದಾ? ಹೊಸ ಕೋಡ್ ಬಂದಿದೆ ಅಂತಾರಲ್ಲ, ಯಾವುದನ್ನು ಹಿಡಿದು ಲೆಕ್ಕ ಮಾಡಬೇಕು?

---

ನೆರಳುಗೆರೆ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಸಿಬಿಸಿ ಮೊದಲು ಬಂದದ್ದು 2007ರಲ್ಲಿ, ಪರಿಷ್ಕೃತ ಆವೃತ್ತಿ 2017ರಲ್ಲಿ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಜನವರಿ 1ರಿಂದ ಜಾರಿಗೆ ಬಂತು. ಅದರಿಂದ ಸಂಹಿತೆಯ ಹೆಸರಿಗೆ 'ಸುಸ್ಥಿರ' ಅನ್ನುವುದೂ ಸೇರಿತು. ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) 2024ರಲ್ಲಿ ಹೊರತಂದ ಆವೃತ್ತಿಯಲ್ಲಿ ನಿವೇಶನ, ನೀರು, ಕಸ, ಒಳಗಿನ ಗಾಳಿಯ ಗುಣಮಟ್ಟಕ್ಕೂ ಜಾಗ ಇದೆ. ಆದರೆ ಪರವಾನಗಿಗೆ ಲೆಕ್ಕಕ್ಕೆ ಬರುವುದು ರಾಜ್ಯ ಅಧಿಸೂಚನೆ ಹೊರಡಿಸಿದ ನಿಯಮ. ಕರ್ನಾಟಕಕ್ಕೆ ಇದರ ನಿಯೋಜಿತ ಸಂಸ್ಥೆ ಕ್ರೆಡಲ್ (ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ). ಪಾಲಿಕೆಗೆ ಕಡತ ಕೊಡುವ ಮೊದಲು, ಅರ್ಜಿಯ ದಿನಾಂಕಕ್ಕೆ ಯಾವ ಆವೃತ್ತಿ ಅನ್ವಯ ಅನ್ನುವುದನ್ನು ಪತ್ರದಲ್ಲಿ ಕೇಳಿ, ಉತ್ತರವನ್ನು ಕಡತದಲ್ಲೇ ಇಡಿ. ನಾನು ಕೆಳಗೆ ಬರೆಯುವ ಅಂಕಿಗಳೆಲ್ಲ 2017ರವು, ಕನಿಷ್ಠ ಹಂತದವು. ಅದರ ಮೇಲೆ ಪ್ಲಸ್, ಸೂಪರ್ ಎಂದು ಇನ್ನೆರಡು ಹಂತ ಇವೆ, ಅವು ಐಚ್ಛಿಕ.

ಮೀಟರ್ ಒಡೆಯುವ ಉಪಾಯ ನಡೆಯುವುದಿಲ್ಲ. 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ ಅಥವಾ 120 ಕೆವಿಎ ಕಾಂಟ್ರ್ಯಾಕ್ಟ್ ಡಿಮಾಂಡ್, ಎರಡರಲ್ಲಿ ಯಾವುದು ಮುಟ್ಟಿದರೂ ಕೋಡ್ ಬಂತು. ಆ ಲೆಕ್ಕ ಕಟ್ಟಡದ್ದು, ಹೆಸ್ಕಾಂ ಆರ್‌ಆರ್ ನಂಬರಿನದ್ದಲ್ಲ. ಹಾವೇರಿಯ 115 ಒಳಗೇ ಬೀಳುತ್ತದೆ.

ನಿಮ್ಮ ಸ್ಪೆಕ್‌ನಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಇದು ಮಿಶ್ರ ಬಳಕೆಯ ಕಟ್ಟಡ. ಬೇರೆ ಬಳಕೆಯ ಭಾಗ ಒಟ್ಟು ವಿಸ್ತೀರ್ಣದ 10%ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಭಾಗದ ವರ್ಗದಲ್ಲೇ ಸೇರಿಹೋಗುತ್ತದೆ. ನಿಮ್ಮ ಶೋರೂಂ 840 ಚ.ಮೀ, ಅಂದರೆ 20%. ಹಾಗಾಗಿ ಅದನ್ನು ಬೇರೆಯಾಗಿಯೇ ತೋರಿಸಬೇಕು. 10,000 ಚ.ಮೀ.ಗಿಂತ ಚಿಕ್ಕ ಆಫೀಸು ಕಟ್ಟಡದ ಗೋಡೆಗೆ ಯು-ಮೌಲ್ಯ (ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) 0.63ರವರೆಗೆ ರಿಯಾಯಿತಿ ಇದೆ. ಅಂಗಡಿಗೆ ಆ ರಿಯಾಯಿತಿ ಇಲ್ಲ, ಅಲ್ಲಿ 0.40. ಸಮಶೀತೋಷ್ಣ ವಲಯದಲ್ಲಿ ಮಾತ್ರ ಅಂಗಡಿಗೆ 0.55, ಬೆಂಗಳೂರು ಆ ವಲಯದ್ದು. ಅಲ್ಲಿಯ ಸ್ಪೆಕ್ ಎತ್ತಿ ಇಲ್ಲಿ ಹಾಕಿದರೆ ಸಿಕ್ಕಿಬೀಳುವುದು ಇಲ್ಲಿಯೇ. ನನ್ನ ಮಾತು ಕೇಳಿದರೆ ವಲಯದ ಚರ್ಚೆಗೇ ಹೋಗಬೇಡಿ, ಶೋರೂಂ ಗೋಡೆಯನ್ನು 0.40ಕ್ಕೇ ಮಾಡಿ. ತಾರಸಿಗೆ ಚಳಿ ವಲಯ ಬಿಟ್ಟು ಎಲ್ಲ ಕಡೆ 0.33, ಅಲ್ಲಿ ತಕರಾರೇ ಇಲ್ಲ.

ಈಗ ಗಾಜು. ಉತ್ತರ ಬಿಟ್ಟು ಉಳಿದ ದಿಕ್ಕುಗಳಿಗೆ ಎಸ್‌ಎಚ್‌ಜಿಸಿ, ಅಂದರೆ ಬಿಸಿಲಿನ ಶಾಖದಲ್ಲಿ ಒಳಗೆ ಬಿಡುವ ಪಾಲು, 0.27 ಮೀರಬಾರದು. ಉತ್ತರದ ಗಾಜಿಗೆ ಅಕ್ಷಾಂಶ ನೋಡಬೇಕು: 15 ಡಿಗ್ರಿ ಮತ್ತು ಮೇಲೆ 0.50, ಅದಕ್ಕಿಂತ ಕೆಳಗೆ 0.27. ಹುಬ್ಬಳ್ಳಿ ಸುಮಾರು 15.35, ಧಾರವಾಡ 15.45, ಗದಗ 15.4. ಹಾವೇರಿ 14.8. ಗೆರೆ ನಮ್ಮ ನಡುವೆಯೇ ಹಾದುಹೋಗಿದೆ! ಹುಬ್ಬಳ್ಳಿಯಲ್ಲಿ ಉತ್ತರಕ್ಕೆ 0.45ರ ಗಾಜು ಹಾಕಿ ಪಾಸಾದವರು, ಅದನ್ನೇ ಹಾವೇರಿ, ರಾಣೇಬೆನ್ನೂರು, ಹಾನಗಲ್ಲಿಗೆ ತಂದರೆ ಫೇಲು. ಶಿಗ್ಗಾಂವಿ, ಸವಣೂರು ಗೆರೆಗೆ ಅಂಟಿಕೊಂಡೇ ಕೆಳಗಿವೆ. ಅಲ್ಲಿ ಸರ್ವೆಯ ಅಕ್ಷಾಂಶ-ರೇಖಾಂಶವನ್ನು ಸೈಟ್ ಪ್ಲ್ಯಾನ್ ಮೇಲೇ ನಮೂದಿಸಿ. ಸೂರ್ಯನಿಗೇನು ಈ ಗೆರೆ ಗೊತ್ತಿಲ್ಲ, ಮೇ ತಿಂಗಳಿಂದ ಆಗಸ್ಟ್ ಮೊದಲ ವಾರದವರೆಗೆ ಹುಬ್ಬಳ್ಳಿಯಲ್ಲೂ ನಡುಹಗಲಿನ ಬಿಸಿಲು ಉತ್ತರದಿಂದಲೇ ಬೀಳುತ್ತದೆ. ಕೋಡ್‌ಗೆ ಎಲ್ಲಾದರೂ ಒಂದು ಗೆರೆ ಬೇಕಿತ್ತು, ಎಳೆದಿದ್ದಾರೆ.

ನಿಮ್ಮ ಸಾದಾ ಡಬಲ್ ಗ್ಲಾಸ್ ಎರಡು ಕಡೆ ಬೀಳುತ್ತದೆ. ಎಸ್‌ಎಚ್‌ಜಿಸಿ 0.7ರ ಆಸುಪಾಸು ಇರುತ್ತದೆ, ಅದು ಒಂದು. ಇನ್ನೊಂದು ಯು-ಮೌಲ್ಯ. ಮಿತಿ 3.0, ಅದೂ ಫ್ರೇಮ್ ಸೇರಿಸಿ. ಗಾಜಿನ ನಡುಭಾಗದ್ದು 2.8 ಅಂತ ಕ್ಯಾಟಲಾಗ್ ಹೇಳಿದರೂ, 15% ಜಾಗ ಸಾದಾ ಅಲ್ಯುಮಿನಿಯಂ ಫ್ರೇಮ್ ಇದ್ದರೆ, ಅದರ ಯು 6.5 ಹಿಡಿದು, ಒಟ್ಟು 3.36 ಆಗುತ್ತದೆ. ಲೋ-ಇ (ಶಾಖ ತಡೆಯುವ ತೆಳು) ಲೇಪನದ ಡಬಲ್ ಗ್ಲಾಸ್ ಆದರೆ ನಡುಭಾಗ 1.6, ಅದೇ ಫ್ರೇಮ್‌ನಲ್ಲೂ 2.3ಕ್ಕೆ ನಿಲ್ಲುತ್ತದೆ. ಕಡುಬಣ್ಣದ ರಿಫ್ಲೆಕ್ಟಿವ್ ಗಾಜು ಹಾಕಿ 0.27 ಸಾಧಿಸೋಣ ಅನ್ನುವವರಿಗೆ ಇನ್ನೊಂದು ಮಿತಿ ಅಡ್ಡ ಬರುತ್ತದೆ: ಬೆಳಕಿನ ಪ್ರಮಾಣ, ಅಂದರೆ ವಿಎಲ್‌ಟಿ, 0.27ಕ್ಕಿಂತ ಕಡಿಮೆ ಆಗಬಾರದು.

ಗೋಡೆಯಲ್ಲಿ ಗಾಜಿನ ಪಾಲು 40% ಮೀರಬಾರದು, ಆ ಲೆಕ್ಕ ಇಡೀ ಕಟ್ಟಡದ್ದು. ನಿಮ್ಮ ಒಟ್ಟು ಗೋಡೆ 2,006 ಚ.ಮೀ, ಮುಂಭಾಗ ಪೂರ್ತಿ ಗಾಜಾದರೂ 408, ಅಂದರೆ 20%. ಕಾಗದದ ಮೇಲೆ ಪಾಸು. ಆದರೆ ಆ 408 ಚ.ಮೀ. ಪಶ್ಚಿಮದ್ದು. ಮಾಲೀಕರಿಗೆ ಗಾಜಿನ ನೋಟ ತಾನೆ ಬೇಕಿರುವುದು? ಪ್ರತಿ ಮಹಡಿಯ 3.4 ಮೀಟರ್‌ನಲ್ಲಿ 2.1 ಮೀ ಮಾತ್ರ ಪಾರದರ್ಶಕ ಗಾಜು ಕೊಡಿ. ಉಳಿದ 1.3 ಮೀ, ಅಂದರೆ ಬೀಮು ಮತ್ತು ಸಿಲ್ ಭಾಗ, ಸ್ಪ್ಯಾಂಡ್ರೆಲ್ (ಹಿಂದೆ ಮುಚ್ಚಿದ ಗಾಜು) ಆಗಲಿ, ಗಾಜಿನ ಹಿಂದೆ ರಾಕ್‌ವೂಲ್ (ಕಲ್ಲಿನ ನಾರಿನ ಶಾಖನಿರೋಧಕ). ಅದು ಗೋಡೆಯ ಲೆಕ್ಕಕ್ಕೆ ಹೋಗುತ್ತದೆ, ಬಿಸಿಲು ಬಿಡುವ ಗಾಜು 252 ಚ.ಮೀ.ಗೆ ಇಳಿಯುತ್ತದೆ, ರಸ್ತೆಯಿಂದ ನೋಡಿದರೆ ಪೂರ್ತಿ ಗಾಜೇ. ಸ್ಪ್ಯಾಂಡ್ರೆಲ್‌ಗೆ ಸಾದಾ ಗಾಜು ಬೇಡ, ಟಫನ್ ಅಥವಾ ಹೀಟ್‌ಸ್ಟ್ರೆಂಥನ್ ಮಾಡಿದ್ದೇ ಬೇಕು. ಹಿಂದೆ ಶಾಖ ಕಟ್ಟಿಕೊಂಡು ಸಾದಾದು ಅಂಚಿನಿಂದ ಸೀಳುತ್ತದೆ.

ಛಜ್ಜಾ ನಂಬಿ ಎಸ್‌ಎಚ್‌ಜಿಸಿ ಸಡಿಲಿಸಿಕೊಳ್ಳಲು ಅವಕಾಶ ಇದೆ, ಆದರೆ ಛಜ್ಜಾದ ಚಾಚನ್ನು ಕಿಟಕಿಯ ಎತ್ತರದಿಂದ ಭಾಗಿಸಿದರೆ ಕನಿಷ್ಠ 0.25 ಬರಬೇಕು. 1.5 ಮೀ ಕಿಟಕಿಗೆ 300 ಎಂಎಂ ಛಜ್ಜಾ ಅಂದರೆ 0.20, ಲೆಕ್ಕಕ್ಕಿಲ್ಲ. 450 ಕೊಟ್ಟರೆ 0.30, ಬಂತು. ಪಶ್ಚಿಮಕ್ಕೆ ಛಜ್ಜಾ ಒಂದೇ ಇದ್ದರೆ ಸಂಜೆಯ ಬಿಸಿಲು ಅದರ ಅಡಿಯಲ್ಲೇ ನುಗ್ಗುತ್ತದೆ, ಪಕ್ಕದ ರೆಕ್ಕೆಗಳೂ ಬೇಕು.

---

ಇಟ್ಟಂಗಿ_ಗಾರೆ

ಗಾಜಿಂದು ಸರ್ ಹೇಳ್ಯಾರ. ಗೋಡಿ ಮತ್ತ ತಾರಸಿ ವಿಷಯಕ್ಕ ಬರ್ತೀನ್ರಿ. ಎಎಸಿ ಹಾಕಿದ್ರ ಮುಗೀತು ಅನ್ನೋ ಮಾತು ಎಲ್ಲಾ ಕಡೆ ಐತಿ, ಲೆಕ್ಕ ಹಾಕಿದ್ರ ನಿಲ್ಲೂದಿಲ್ಲ.

230 ಎಂಎಂ ಇಟ್ಟಂಗಿ ಗೋಡಿ, ಎರಡೂ ಕಡೆ ಗಿಲಾವ್, ಯು-ಮೌಲ್ಯ 2.0 ಆಸುಪಾಸು. 200 ಎಂಎಂ ಎಎಸಿ, ಬ್ಲಾಕಿನ ಕೆ-ಮೌಲ್ಯ (ಆ ಮಾಲು ಶಾಖ ಎಷ್ಟು ಸಾಗಸ್ತೈತಿ ಅನ್ನೂದು) 0.18 ಹಿಡಿದ್ರ, ಗಿಲಾವ್ ಸೇರಿ 0.76. ಇಟ್ಟಂಗಿಗಿಂತ ಎಷ್ಟೋ ಚಲೋ, ಆದ್ರ 0.63 ಮುಟ್ಟಲಿಲ್ಲ. ಇನ್ನ 0.40 ಅಂತೂ ದೂರ. ಅದೂ ಬರೇ ಬ್ಲಾಕ್ ಇದ್ದಲ್ಲಿ ಮಾತ್ರ. ಕಾಲಮ್ಮು, ಬೀಮು ಹೊರಗ ಕಾಣ್ತಾವಲ್ರಿ, ಅಲ್ಲಿ 230 ಎಂಎಂ ಕಾಂಕ್ರೀಟಿಗೆ 2.8 ಬರ್ತೈತಿ. ಹೊರಗೋಡಿ ಒಳಗ 18% ಕಾಂಕ್ರೀಟ್ ಇದ್ರ ಸರಾಸರಿ 1.13ಕ್ಕ ಏರ್ತೈತಿ. ಡ್ರಾಯಿಂಗಿನ್ಯಾಗ ಬರೇ ಬ್ಲಾಕಿನ ಮೌಲ್ಯ ಬರದು ಕೊಟ್ರ ಲೆಕ್ಕ ತಿಳದವ್ರು ಹಿಡದ ಹಿಡೀತಾರ.

ಹಿಂಗಾಗಿ ಇನ್ಸುಲೇಶನ್ ಹೊರಗಿಂದನ ಬರಬೇಕು, ಕಾಲಮ್ ಬೀಮ್ ಎಲ್ಲಾ ಮುಚ್ಚಿ. ಒಳಗಿಂದ ಹಾಕಿದ್ರ ಸ್ಲ್ಯಾಬ್ ಅಂಚು ಬಯಲ ಉಳೀತೈತಿ. 30 ಎಂಎಂ ರಾಕ್‌ವೂಲ್ ಹೊರಗ ಹೊದಿಸಿದ್ರ ಕಾಂಕ್ರೀಟ್ ಸೇರಿ ಸರಾಸರಿ 0.55, ಆಫೀಸಿಗೆ ಪಾಸು. ಶೋರೂಂ ಮಹಡಿಗೆ 60 ಎಂಎಂ, ಆವಾಗ 0.38. ಪ್ಯಾಟ್ಯಾಗ 50 ಎಂಎಂ ಸ್ಲ್ಯಾಬ್ ಸುಲಭ ಸಿಗತೈತಿ, ಆಫೀಸಿಗೆ ಅದನ್ನ ಹಾಕ್ರಿ. ಶೋರೂಮಿಗೂ 50ರಾಗ ಮುಗಸೂಣು ಅನ್ನಬ್ಯಾಡ್ರಿ, 0.42ಕ್ಕ ನಿಂತು ಕೂದಲೆಳೀಲೆ ಫೇಲ್ ಆಗತೈತಿ.

ಗೋಡಿಗೆ ಎಕ್ಸ್‌ಪಿಎಸ್ (ಗಟ್ಟಿ ಫೋಮ್ ಹಲಗಿ) ಯಾಕ ಬ್ಯಾಡ ಅಂತ ಕೇಳ್ತೀರಿ. ನಿಮ್ಮ ಕಟ್ಟಡ 17 ಮೀಟರ್. 15 ಮೀ ಮತ್ತ ಮ್ಯಾಲಿಂದು ಎನ್‌ಬಿಸಿ (ರಾಷ್ಟ್ರೀಯ ಕಟ್ಟಡ ಸಂಹಿತೆ) 2016 ಪ್ರಕಾರ ಹೈರೈಸ್. ಅಷ್ಟ ಎತ್ತರದ ಗೋಡಿ ತುಂಬ ಸುಡೂ ಫೋಮ್ ಹೊದಿಸಿ, ಅದರ ಮುಂದ ಕ್ಲ್ಯಾಡಿಂಗ್ ಸಂದು ಬಿಟ್ರ ಅದು ಚಿಮಣಿ ಆಗತೈತಿ. ರಾಕ್‌ವೂಲ್ ಸುಡೂದಿಲ್ಲ. ಆದ್ರ ನೀರು ಕುಡದ್ರ ಕೆಲಸಕ್ಕ ಬರೂದಿಲ್ಲ, ಹೊರಗ ಉಸಿರಾಡೂ ಮೆಂಬ್ರೇನ್ ಬೇಕು. ನಮ್ಮ ಮುಂಗಾರು ನೈಋತ್ಯದಿಂದ ಹೊಡೀತೈತಿ, ನಿಮ್ಮ ಮುಖಾನೂ ಪಶ್ಚಿಮ. ಕಿಡಕಿ ಸಿಲ್ ಕೆಳಗ ನೀರಿಳೂ ಪಟ್ಟಿ ಮರತ್ರ ಮೊದಲ ಮಳಿಗಾಲಕ್ಕ ಒಳಗ ಕಲಿ ಬೀಳ್ತಾವ.

ತಾರಸಿ. 150 ಎಂಎಂ ಸ್ಲ್ಯಾಬು, ಸ್ಕ್ರೀಡು, ಟೈಲು ಎಲ್ಲಾ ಸೇರಿ ಯು-ಮೌಲ್ಯ 2.4. ಬೇಕಾಗಿದ್ದು 0.33. ನಿಮ್ಮ 50 ಎಂಎಂ ಪಿಯುಎಫ್, ಕೆ 0.024 ಹಿಡಿದ್ರ, 0.40ಕ್ಕ ನಿಲ್ತೈತಿ, ಫೇಲು. 65 ಎಂಎಂ ಬೇಕು. ಎಕ್ಸ್‌ಪಿಎಸ್ ಆದ್ರ ಕೆ 0.032ಕ್ಕ 85 ಎಂಎಂ. 75ರದು ಹಾಕಿದ್ರ 0.36. ಅದ 75ರದಕ್ಕ ಕೆ 0.028 ಅಂತ ಟೆಸ್ಟ್ ರಿಪೋರ್ಟ್ ಇದ್ರ 0.32, ಪಾಸು. ಅದಕ್ಕ ದಪ್ಪ ಒಂದನ್ನ ಕೇಳಿ ತರಬ್ಯಾಡ್ರಿ, ಕೆ-ಮೌಲ್ಯದ ರಿಪೋರ್ಟ್ ಕೈಯಾಗ ಹಿಡಕೊಂಡ ಆರ್ಡರ್ ಹಾಕ್ರಿ. ಥರ್ಮಾಕೋಲ್, ಅಂದ್ರ ಇಪಿಎಸ್, ಅಗ್ಗ ಅಂತ ತಾರಸಿಗೆ ಒಯ್ಯಬ್ಯಾಡ್ರಿ. ಸಂದಿನ್ಯಾಗ ನೀರು ತುಂಬಿಕೊಂಡ್ರ ಇನ್ಸುಲೇಶನ್ ಇದ್ದೂ ಇಲ್ಲದಂಗ.

ಪದರ ಹೀಂಗ: ಸ್ಲ್ಯಾಬ್, ಮ್ಯಾಲ ವಾಟರ್‌ಪ್ರೂಫಿಂಗ್, 48 ತಾಸು ನೀರು ನಿಲ್ಲಿಸಿ ಪರೀಕ್ಷಾ, ಆಮ್ಯಾಗ ಎಕ್ಸ್‌ಪಿಎಸ್, ಜಿಯೋಟೆಕ್ಸ್‌ಟೈಲ್, 1:100 ಇಳಿಜಾರಿನ ಸ್ಕ್ರೀಡ್, ಕಡೀಕ ಬಿಳಿ ಟೈಲ್. ಎಕ್ಸ್‌ಪಿಎಸ್ 250 ಕೆಪಿಎ ತಡಿಯೂದಿರಬೇಕು, ಇಲ್ಲಂದ್ರ ಎಸಿ ಯೂನಿಟ್ ಕಾಲಿನ ಕೆಳಗ ಕುಸೀತೈತಿ. ಸ್ಕ್ರೀಡಿಗೆ 3 ಮೀಟರಿಗೊಂದು ಸಂದು ಬಿಡ್ರಿ. ಸೋಲಾರ್ ಕಾಲಿನ ಪೆಡೆಸ್ಟಲ್‌ಗಳನ್ನ ಸ್ಲ್ಯಾಬ್ ಹಾಕೂ ಮುಂದನ ಎಬ್ಬಿಸಿಬಿಡ್ರಿ. ಆಮ್ಯಾಲ ಸೋಲಾರಿನವ್ರು ಡ್ರಿಲ್ ತಗೊಂಡ ಬಂದ್ರ ವಾಟರ್‌ಪ್ರೂಫಿಂಗ್ ಹೋಗೂದ ಅಲ್ಲೇ.

ಮ್ಯಾಲಿನ ಮೈ ಕೂಲ್ ರೂಫ್ ಆಗಬೇಕು: ಹೊಸದಿದ್ದಾಗ ಬಿಸಿಲು ಪ್ರತಿಫಲನ 0.60, ಎಮಿಟೆನ್ಸ್ (ಕಾದ ಮೈ ಶಾಖ ಹೊರಗ ಚೆಲ್ಲೂ ಗುಣ) 0.90. ಬಿಳಿ ಚೈನಾ ಮೊಸಾಯಿಕ್ ಚಲೋ, ಆದ್ರೂ ಎರಡೂ ಮೌಲ್ಯದ ರಿಪೋರ್ಟ್ ಕೇಳ್ರಿ. ಮಿಂಚೂ ಪತ್ರಾ ಶೀಟ್ ಬರೇ ಬಿಟ್ರ ಎಮಿಟೆನ್ಸಿನ್ಯಾಗ ಸೋಲ್ತೈತಿ. ಎರೆಮಣ್ಣಿನ ಧೂಳು ಕುಂತು ಬಿಳಿ ಬಣ್ಣ ಬ್ಯಾಗ ಮಾಸತೈತಿ, ತೊಳ್ಯಾಕ ತಾರಸಿ ಮ್ಯಾಲ ಒಂದು ನಳ ಕೊಡ್ರಿ.

---

ಕರೆಂಟ್‌ಲೆಕ್ಕ

ಎಸಿ, ಲೈಟು, ಪ್ಯಾನಲ್ ಕಡೆಯ ಮಾತು.

ವಿಆರ್‌ಎಫ್ ಓಕೆ. ಹೊರಗಿನ ಯೂನಿಟ್ 70 ಕಿಲೋವ್ಯಾಟ್ ಕೂಲಿಂಗ್, ಅಂದರೆ ಸುಮಾರು 20 ಟನ್, ಅಥವಾ ಮೇಲಿದ್ದರೆ ಇಇಆರ್ (ತಿನ್ನುವ ಕರೆಂಟಿಗೆ ಎಷ್ಟು ತಂಪು ಅನ್ನುವ ಲೆಕ್ಕ) 3.02, ಐಇಇಆರ್ (ಕಡಿಮೆ ಲೋಡಿನ ಓಟವನ್ನೂ ಸೇರಿಸಿದ ಅದೇ ಲೆಕ್ಕ) 4.07 ಕನಿಷ್ಠ. 40ರಿಂದ 70ರ ನಡುವೆ 3.26 ಮತ್ತು 4.34. ಇವು ರೇಟಿಂಗ್ ಸ್ಥಿತಿಯ ಅಂಕಿಗಳು. ತಾರಸಿಯಿಂದ ನೆಲಮಹಡಿಗೆ ಪೈಪ್ ಉದ್ದ ಹೋದಷ್ಟು ಸಾಮರ್ಥ್ಯ ಇಳಿಯುತ್ತದೆ, ಆದ್ದರಿಂದ ಕಂಪನಿಯ ಸೆಲೆಕ್ಷನ್ ಶೀಟ್ ನಿಮ್ಮ ಪೈಪ್ ಉದ್ದಕ್ಕೇ ಮಾಡಿಸಿ. ಸರ್ವರ್ ಕೋಣೆಗೆ ಬಿಡಿ ಸ್ಪ್ಲಿಟ್ ಹಾಕುವುದಾದರೆ 3 ಟನ್‌ವರೆಗಿನದಕ್ಕೆ ಬಿಇಇ 3 ಸ್ಟಾರ್ ಸಾಕು. ತಾರಸಿಯಲ್ಲಿ ಯೂನಿಟ್‌ಗಳನ್ನು ಎತ್ತರದ ಪ್ಯಾರಾಪೆಟ್ ಹಿಂದೆ ಒತ್ತಾಗಿ ನಿಲ್ಲಿಸಬೇಡಿ. ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಕ್ಯಾಟಲಾಗಿನ ಇಇಆರ್ ಕ್ಯಾಟಲಾಗಿನಲ್ಲೇ ಉಳಿಯುತ್ತದೆ. ಮುಖ್ಯವಾಗಿ, ಗೋಡೆ, ಗಾಜು, ತಾರಸಿ ಬದಲಾದ ಮೇಲೆ ಹೀಟ್ ಲೋಡ್ ಮತ್ತೆ ಮಾಡಿಸಿ. ಹಳೇ ಟನ್ನೇಜಿಗೇ ಆರ್ಡರ್ ಹಾಕಿದರೆ ಇನ್ಸುಲೇಶನ್ ದುಡ್ಡೂ ಹೋಯಿತು, ಎಸಿ ದುಡ್ಡೂ ಹೋಯಿತು.

ಎಸಿಗೆ ಟೈಮ್‌ಕ್ಲಾಕ್ ಕೊಡಿ: ವಾರದಲ್ಲಿ ಮೂರು ಬಗೆಯ ದಿನ, ಕರೆಂಟ್ ಹೋದರೂ 10 ಗಂಟೆ ನೆನಪು, 2 ಗಂಟೆಯ ಕೈ ಓವರ್‌ರೈಡ್.

ಲೈಟಿನ ವ್ಯಾಟೇಜ್ ಈಗ ಸಮಸ್ಯೆಯೇ ಅಲ್ಲ. ಆಫೀಸಿಗೆ ಚ.ಮೀ.ಗೆ 9.5 ವ್ಯಾಟ್, ನಿಮ್ಮ 3,360 ಚ.ಮೀ.ಗೆ 31.9 ಕಿಲೋವ್ಯಾಟ್ ಬಿಡುತ್ತಾರೆ. ಎಲ್‌ಇಡಿಯಲ್ಲಿ ಅದರ ಹತ್ತಿರವೂ ಹೋಗುವುದಿಲ್ಲ. ಫೇಲಾಗುವುದು ಕಂಟ್ರೋಲ್‌ನಲ್ಲಿ. 300 ಚ.ಮೀ.ಗಿಂತ ದೊಡ್ಡ ಜಾಗದಲ್ಲಿ 90% ಫಿಟ್ಟಿಂಗ್ ತಾನಾಗಿ ಆರುವಂತಿರಬೇಕು. ಕಿಟಕಿ ಪಕ್ಕದ ಸಾಲಿಗೆ ಬೇರೆ ಸರ್ಕ್ಯೂಟ್ ಎಳೆಯದೆ ವೈರಿಂಗ್ ಮುಗಿಸಿದರೆ ಡೇಲೈಟ್ ಕಂಟ್ರೋಲ್ ಕೊಡಲು ಸೀಲಿಂಗ್ ಬಿಚ್ಚಬೇಕಾಗುತ್ತದೆ.

ಪವರ್ ಫ್ಯಾಕ್ಟರ್ (ಪಿಎಫ್) ಕನಿಷ್ಠ 0.97. ವಾಸ್ತವ ಡಿಮಾಂಡ್ 150 ಕಿಲೋವ್ಯಾಟ್, ಪಿಎಫ್ 0.85 ಇದ್ದರೆ 55 ಕೆವಿಎಆರ್ ಬೇಕು, 60ರ ಎಪಿಎಫ್‌ಸಿ (ಪಿಎಫ್ ತಾನಾಗಿ ಸರಿಪಡಿಸುವ) ಪ್ಯಾನಲ್ ಸಾಕು. ಇನ್ವರ್ಟರ್ ವಿಆರ್‌ಎಫ್, ಎಲ್‌ಇಡಿ ಡ್ರೈವರ್‌ಗಳ ಹಾರ್ಮೋನಿಕ್ಸ್ ಇರುವುದರಿಂದ 7% ಡಿಟ್ಯೂನ್ ರಿಯಾಕ್ಟರ್ ಜೊತೆಗಿರಲಿ, ಬರೀ ಕೆಪಾಸಿಟರ್ ಉಬ್ಬಿ ಹೋಗುತ್ತವೆ. ಮೊದಲ ಹೆಜ್ಜೆ 5 ಕೆವಿಎಆರ್‌ನದಿರಲಿ, ಇಲ್ಲದಿದ್ದರೆ ರಾತ್ರಿ ಲೋಡ್ ಇಳಿದಾಗ ಲೀಡಿಂಗ್‌ಗೆ ಹೋಗುತ್ತದೆ. ಒಳಗಿನ ವಿತರಣಾ ನಷ್ಟ 3% ಒಳಗೆ, ಮೋಟರ್‌ಗಳು ಕನಿಷ್ಠ ಐಇ2. ಹೆಸ್ಕಾಂ ಮೀಟರ್ ಇದ್ದರೂ 120 ಕೆವಿಎ ದಾಟಿದ ಕಟ್ಟಡದಲ್ಲಿ ಕೆವಿಎ, ಯೂನಿಟ್, ಪಿಎಫ್ ದಾಖಲಿಸುವ ನಿಮ್ಮದೇ ಖಾಯಂ ಮೀಟರ್ ಇರಬೇಕು.

ಸೋಲಾರ್‌ಗೆ ತಾರಸಿಯಲ್ಲಿ ಕಾಯ್ದಿಡಬೇಕಾದ ಜಾಗ: 25% ಅಥವಾ ಕನೆಕ್ಟೆಡ್ ಲೋಡಿನ 1%ಗೆ ಬೇಕಾದಷ್ಟು, ಯಾವುದು ಕಡಿಮೆಯೋ ಅದು. ನಿಮಗೆ 1% ಅಂದರೆ 2.1 ಕಿಲೋವ್ಯಾಟ್, 20 ಚ.ಮೀ. ಇಷ್ಟೇನಾ ಅನಿಸುತ್ತದೆ, ಹೌದು ಇಷ್ಟೇ. ಆದರೆ ಆ ಜಾಗದ ಮೇಲೆ ಲಿಫ್ಟ್ ರೂಮು, ನೀರಿನ ಟಾಕಿಯ ನೆರಳು ಬೀಳಬಾರದು.

---

ನಕ್ಷೆಮನೆ

ಮೂವರಿಗೂ ತುಂಬಾ ಥ್ಯಾಂಕ್ಸ್ ರೀ. ಮಿಶ್ರ ಬಳಕೆಯ ವಿಷಯ ಲಕ್ಷ್ಯದಲ್ಲೇ ಇರಲಿಲ್ಲ. ಇನ್ನೆರಡು: ಗೋಡೆಗೆ ಇಷ್ಟು ಖರ್ಚು ಮಾಡುವ ಬದಲು ಗಾಜು, ತಾರಸಿ ಚೆನ್ನಾಗಿ ಮಾಡಿ ಸರಿದೂಗಿಸಬಹುದಾ? ಹಾವೇರಿಗೂ ಹುಬ್ಬಳ್ಳಿಗೂ ಗಾಜು ಒಟ್ಟಿಗೆ ತರಿಸಿದರೆ ರೇಟು ಕಡಿಮೆ ಆಗುತ್ತೆ ಅಂತಿದ್ದಾರೆ, ಏನು ಬರೆದು ಕೊಡಲಿ?

---

ನೆರಳುಗೆರೆ

ಸರಿದೂಗಿಸುವ ದಾರಿ ಇದೆ, ಟ್ರೇಡ್-ಆಫ್ ವಿಧಾನ ಅದಕ್ಕೇ. ಗೋಡೆ, ತಾರಸಿ, ಗಾಜು ಇವುಗಳ ನಡುವೆ ಮಾತ್ರ ಕೊಟ್ಟು ತೆಗೆದುಕೊಳ್ಳಬಹುದು, ಒಳ್ಳೇ ಎಸಿ ತೋರಿಸಿ ಗೋಡೆ ಮನ್ನಾ ಮಾಡಿಸಲು ಬರುವುದಿಲ್ಲ. ಗಾಜು 40% ದಾಟಿದ್ದರೆ ಈ ದಾರಿಯೂ ಮುಚ್ಚಿತು. ಎಸಿ, ಲೈಟು ಎಲ್ಲ ಸೇರಿಸಿ ತೂಗಬೇಕೆಂದರೆ ಇಡೀ ಕಟ್ಟಡದ ಸಿಮ್ಯುಲೇಶನ್ ಮಾಡಿಸಿ, ಇಪಿಐ (ಚ.ಮೀ.ಗೆ ವರ್ಷದ ಇಂಧನ ಬಳಕೆ) ಅನುಪಾತ 1 ಅಥವಾ ಅದಕ್ಕಿಂತ ಕಡಿಮೆ ಎಂದು ತೋರಿಸಬೇಕು. 4,200 ಚ.ಮೀ.ಗೆ ಅದರ ಗೋಜು ಬೇಡ ಅನ್ನುವುದು ನನ್ನ ಅಭಿಪ್ರಾಯ. ಶೋರೂಂ ಮಹಡಿಯಲ್ಲಿ ಮುಂಭಾಗ ಗಾಜೇ ಆದ್ದರಿಂದ 60 ಎಂಎಂ ಹೊದಿಕೆ ಬೀಳುವ ಗೋಡೆಯೂ ಹೆಚ್ಚಿಲ್ಲ.

ಗಾಜು ಒಟ್ಟಿಗೆ ತರಿಸುವುದಾದರೆ ಎರಡೂ ಊರಿಗೆ, ಎಲ್ಲ ದಿಕ್ಕಿಗೂ 0.27ರ ಒಳಗಿನದೇ ತರಿಸಿ. ಉತ್ತರಕ್ಕೆ ಬೇರೆ ಗಾಜು ಇಟ್ಟುಕೊಂಡರೆ ಸೈಟಿನಲ್ಲಿ ಅದಲುಬದಲಾಗುತ್ತದೆ, ಒಮ್ಮೆ ಕೂಡಿಸಿದ ಮೇಲೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆರ್ಡರ್‌ನಲ್ಲಿ ಬ್ರ್ಯಾಂಡ್ ಹೆಸರು, 'ಅಥವಾ ಸಮಾನ' ಎಂದಷ್ಟೇ ಬರೆದರೆ ಆ 'ಸಮಾನ'ದಲ್ಲಿ ಲೋ-ಇ ಕಾಣೆಯಾಗುತ್ತದೆ. ಹೀಗೆ ಬರೆಯಿರಿ: 6-12-6 ಎಂಎಂ (ಗಾಜು-ಸಂದು-ಗಾಜು), ಹೊರಗಾಜು ಟಫನ್, ಲೋ-ಇ ಲೇಪನ ಎರಡನೇ ಮೈಮೇಲೆ (ಹೊರಗಾಜಿನ ಒಳಮೈ), ಎಸ್‌ಎಚ್‌ಜಿಸಿ 0.25 ಮೀರದಂತೆ, ವಿಎಲ್‌ಟಿ 0.30ಕ್ಕೆ ಕಡಿಮೆ ಇಲ್ಲದಂತೆ, ಫ್ರೇಮ್ ಸಹಿತ ಯು-ಮೌಲ್ಯ 3.0 ಒಳಗೆ, ಐಎಸ್‌ಒ 15099 ಪ್ರಕಾರ ಮಾನ್ಯತೆ ಪಡೆದ ಲ್ಯಾಬಿನ ಪ್ರಮಾಣಪತ್ರ ಮಾಲಿನ ಜೊತೆಗೇ. ಪ್ರಮಾಣಪತ್ರ ಇಲ್ಲದಿದ್ದರೆ ಕೋಡ್‌ನ ಅನುಬಂಧದ ಸಿದ್ಧ ಅಂಕಿ ಹಿಡಿಯುತ್ತಾರೆ, ಅದು ನಿಮ್ಮ ಗಾಜಿನ ನಿಜವಾದ ಅಂಕಿಗಿಂತ ಯಾವಾಗಲೂ ಕೆಟ್ಟದ್ದೇ.

ಲಾರಿ ಬಂದಾಗ ಲೈಟರ್ ಹಚ್ಚಿ ಗಾಜಿನ ಮುಂದೆ ಹಿಡಿದು ನೋಡಿ. ನಾಲ್ಕು ಪ್ರತಿಬಿಂಬ ಕಾಣುತ್ತವೆ, ಮೈಗೊಂದರಂತೆ. ಹೊರಗಿನಿಂದ ಎಣಿಸಿದರೆ ಎರಡನೆಯದರ ಬಣ್ಣ ಉಳಿದ ಮೂರಕ್ಕಿಂತ ಬೇರೆ ಇರಬೇಕು. ಮೂರನೆಯದು ಬೇರೆ ಕಂಡರೆ ಪ್ಯಾನಲ್ ತಿರುಗುಮುರುಗು ಆಗಿದೆ, ಲೇಪನ ಮೂರನೇ ಮೈಮೇಲೆ ಕೂತರೆ ಎಸ್‌ಎಚ್‌ಜಿಸಿ ಏರುತ್ತದೆ. ನಾಲ್ಕೂ ಒಂದೇ ಬಣ್ಣ ಇದ್ದರೆ ಇಳಿಸಿಕೊಳ್ಳಬೇಡಿ.